ಬೆಂಕಿ ಕಾಯುವವಳಿಗೆ ಕೆಮ್ಮು ಬಂದದ್ದು

ಕೋಟು ಹೊಲಿಯುವ ಆ ಮಹಡಿಯಲ್ಲಿ ಅವಳನ್ನು ಎಲ್ಲರೂ ಓದಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿತ್ತು. ಕೋಟಿನ ಒಳಪದರ ಹೊಲಿಯಲೆಂದು ಕೆಲಸಕ್ಕೆ ಸೇರಿದವಳು. ಕೈ ಅಂಥ ಚುರುಕಿನದೇನಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ಎಡತೋಳಿನ ಒಳಪದರವನ್ನು ಬಲತೋಳಿಗೆ ಹೊಲಿದು, ಬಿಚ್ಚಿ, ಆಮೇಲೆ ಎಡತೋಳಿಗೇ ಉಲ್ಟಾ ಹೊಲಿದ ಕೀರ್ತಿ ಅವಳದು. ಆದರೆ ಗಂಟಲು ಇತ್ತು ನೋಡಿ, ಅಬ್ಬಾ! ಬಸ್ಸಿನಲ್ಲಿ ‘ಸ್ವಲ್ಪ ಸರೀರಿ’ ಎಂದರೂ ಇಡೀ ಬಸ್ಸು ತಿರುಗಿ ನೋಡಿ ಜಾಗ ಬಿಡುತ್ತಿತ್ತು.

ಆ ಗಂಟಲು ಪಳಗಿದ್ದು ತಾಯಿಯ ಹಾಸಿಗೆಯ ಪಕ್ಕದಲ್ಲಿ. ತಾಯಿಗೆ ಕಣ್ಣು ಮಂಜಾಗುತ್ತ ಬಂದಾಗ ಮಗಳು ಶಾಲೆ ಬಿಟ್ಟು ಮನೆಯಲ್ಲಿ ನಿಂತಳು. ಹಳೆಯ ಪತ್ರಿಕೆ, ಔಷಧಿ ಸೀಸೆಯ ಮೇಲಿನ ಬರಹ, ಯಾರದೋ ಮದುವೆಯ ಕರೆಯೋಲೆ, ಕೈಗೆ ಸಿಕ್ಕಿದ್ದನ್ನೆಲ್ಲ ಓದಿ ಹೇಳುತ್ತಿದ್ದಳು. ತಾಯಿಗೆ ಸಪ್ಪೆ ಓದು ಸೇರದು. “ಜೀವ ತುಂಬಿ ಓದೇ, ಕೆಮ್ಮಿನ ಔಷಧಿ ಅಂದ್ರೆ ಕೆಮ್ಮಿ ತೋರ್ಸು” ಎನ್ನುತ್ತಿದ್ದಳು. ಮಗಳು ಕೆಮ್ಮಿ ತೋರಿಸುತ್ತಿದ್ದಳು, ತಾಯಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ತಾಯಿ ಹೋದಳು, ಅಭ್ಯಾಸ ಉಳಿಯಿತು. ಮುಂದೆ ಕಟ್ಟಿಕೊಂಡ ಗಂಡ ಲಿಫ್ಟ್ ರಿಪೇರಿ ಮಾಡುವವನು, ದೇವರಂಥ ಮನುಷ್ಯ, ಆದರೆ ಅವಳು ಎರಡು ಸಾಲು ಓದುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ಅವಳ ಧ್ವನಿ ಕೇಳಿಯೂ ನಿದ್ದೆ ಹೋಗಬಲ್ಲ ಗಂಡಸು ಈ ಭೂಮಿಯ ಮೇಲೆ ಅವನೊಬ್ಬನೇ ಇರಬೇಕು.

ಆ ಮಹಡಿಯಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆಯೆಲ್ಲ ಯಂತ್ರದ ಹೊಲಿಗೆ. ಗದ್ದಲವೋ ಗದ್ದಲ, ಪಕ್ಕದವಳು ಕೂಗಿದರೂ ಕೇಳಿಸದು. ಊಟವಾದ ಮೇಲೆ ಯಂತ್ರಗಳನ್ನು ನಿಲ್ಲಿಸಿ ಎಲ್ಲರೂ ಉದ್ದನೆಯ ಕಿಟಕಿಯ ಕೆಳಗೆ ಕೂತು ಕೈಹೊಲಿಗೆ ಮಾಡಬೇಕು. ಗುಂಡಿ ಹಚ್ಚುವುದು, ಕಾಜಾ ತೆಗೆಯುವುದು, ಕಾಲರಿನ ಒಳಗೆ ಕಾಣದ ಹೊಲಿಗೆ ಹಾಕುವುದು. ಆಗ ಒಬ್ಬಳು ಓದಬೇಕು, ಉಳಿದವರು ಅವಳ ಪಾಲಿನ ಕೋಟುಗಳನ್ನು ಹಂಚಿಕೊಂಡು ಹೊಲಿಯಬೇಕು. ಯಜಮಾನರು ಮೊದಮೊದಲು ಮೂಗು ಮುರಿದರಂತೆ. ಕತೆ ನಡೆಯುವಾಗ ಯಾರೂ ಹರಟುವುದಿಲ್ಲ, ಎದ್ದು ಓಡಾಡುವುದಿಲ್ಲ, ಹೊಲಿಗೆ ಸಣ್ಣಗೆ ಸಾಲಾಗಿ ಬೀಳುತ್ತದೆ ಎಂದು ಕಂಡ ಮೇಲೆ ಸುಮ್ಮನಾದರು. ಪದ್ಧತಿಗೆ ಕಟ್ಟುಪಾಡೂ ಇತ್ತು. ಪುಸ್ತಕ ನೂಲಿನ ಬೀರುವಿನಲ್ಲೇ ಇರಬೇಕು, ಯಾರೂ ಕದ್ದು ಮುಂದಿನ ಪುಟ ನೋಡಬಾರದು, ಓದುವವಳೂ ಸಹ. ನೋಡಿ ಸಿಕ್ಕಿಬಿದ್ದವರು ಆ ವಾರವೆಲ್ಲ ಕಾಲರು ಬಿಚ್ಚುವ ಕೆಲಸ ಮಾಡಬೇಕು. ಕಾಲರು ಬಿಚ್ಚುವುದೆಂದರೆ ಎಂಥ ಶನಿಕಾಟ ಎಂದು ಬಿಚ್ಚಿದವರಿಗೇ ಗೊತ್ತು.

ಓದಕ್ಕನನ್ನು ಆ ಕುರ್ಚಿಯಲ್ಲಿ ಕೂರಿಸಿದವಳು ಕಾಜಾ ದೊಡ್ಡಮ್ಮ. ಯಾರಿಗೂ ನೆಂಟಳಲ್ಲ, ಎಲ್ಲರಿಗೂ ದೊಡ್ಡಮ್ಮ. ಗುಂಡಿ ತೂರುವ ಆ ಸಣ್ಣ ಸೀಳಿನ ಸುತ್ತ ರೇಷ್ಮೆ ದಾರದಲ್ಲಿ ಅವಳು ಹಾಕುವ ಹೊಲಿಗೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಬೆರಳಿಗೂ ತಿಳಿಯುತ್ತಿರಲಿಲ್ಲ. ಅಕ್ಷರ ಬಾರದು. ಆ ಉಲ್ಟಾ ತೋಳಿನ ಪ್ರಕರಣ ಆದ ದಿನ ಅವಳೇ ಯಜಮಾನರ ಮುಂದೆ ನಿಂತು, “ಇವಳ ಕೈ ನಿಮಗೆ ಬೇಡ, ಬಾಯಿ ನಮಗೆ ಬೇಕು, ಇವಳ ಪಾಲು ನಾವು ಹೊಲೀತೀವಿ” ಎಂದಳು. ಕೆಲಸ ಉಳಿಯಿತು. ಅಂದಿನಿಂದ ಓದಕ್ಕನಿಗೆ ದೊಡ್ಡಮ್ಮನೆಂದರೆ ಹೆತ್ತ ತಾಯಿಯಷ್ಟೇ.

ಎಷ್ಟೋ ಪುಸ್ತಕಗಳು ಬಂದು ಹೋದವು. ಆ ವರ್ಷ ಗ್ರಂಥಾಲಯದಿಂದ ಬಂದದ್ದು ಮಾತ್ರ ದಿಂಬಿನಷ್ಟು ದಪ್ಪದ ನಾಲ್ಕು ಸಂಪುಟಗಳ ಕತೆ. ಇಲ್ಲದ ರಾಜ್ಯಗಳು, ಮಾತಾಡುವ ನದಿಗಳು, ಕತ್ತಲೆಯ ಒಡೆಯ, ಅವನನ್ನು ಎದುರಿಸಿ ನಿಂತ ಅಣ್ಣತಮ್ಮಂದಿರು. ಈ ಎಲ್ಲರ ಮೇಲೆ, ಬೆಟ್ಟದ ತುದಿಯಲ್ಲಿ, ಒಬ್ಬಳು ಹೆಂಗಸು. ಅವಳಿಗೆ ಹೆಸರಿಲ್ಲ, ಊರಿಲ್ಲ, ವಯಸ್ಸು ಹೇಳಿಲ್ಲ. ಅವಳ ಬೆಂಕಿ ಕಂಡರೆ ಮಾತ್ರ ಕೆಳಗಿನ ಸೈನ್ಯಕ್ಕೆ ದಾರಿ. ಅದು ಆರಿದರೆ ಲೋಕವೇ ಮುಗಿಯಿತು. ಅವಳು ಬಂದಾಗಲೆಲ್ಲ ಪುಸ್ತಕ ಅದೇ ಮಾತನ್ನು ಹೇಳುತ್ತಿತ್ತು: ‘ಹಿಂದೆ ತಿರುಗಿ ನೋಡದವಳು, ಬೆಟ್ಟದ ತುದಿಯ ಬೆಂಕಿ ಕಾಯುವವಳು.’ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆ ಇಲ್ಲ. ಎರಡನೆಯ ಸಂಪುಟ ಮುಗಿಯುವಷ್ಟರಲ್ಲಿ ಹೆಂಗಸರೆಲ್ಲ ಸೂಜಿ ಆಡಿಸುತ್ತಲೇ ಓದಕ್ಕನ ಜೊತೆ ಅದನ್ನು ಹೇಳುವ ಹಾಗಾಯಿತು. ದೊಡ್ಡಮ್ಮ ಮಾತ್ರ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ; ಆ ಮಾತು ಬಂದಾಗ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಇದೆಲ್ಲ ಕೇಳಿ ಕಟಿಂಗ್ ಮಾಸ್ಟರ್‌ಗೆ ಮೈ ಉರಿಯುತ್ತಿತ್ತು. ಆತ ಪತ್ತೇದಾರಿ ಕಾದಂಬರಿಗಳ ಮನುಷ್ಯ. ಒಂದು ಪಾತ್ರ ಕೋಣೆಗೆ ಬಂದರೆ ಅದರ ಬೂಟಿನ ಮಣ್ಣು ಯಾವ ಬೀದಿಯದು ಎಂದು ತಿಳಿಯಬೇಕು ಅವನಿಗೆ. ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆಯುತ್ತ ಅಲ್ಲಿಂದಲೇ ಕೂಗುತ್ತಿದ್ದ.

“ಅಲ್ಲಮ್ಮಾ, ಎಷ್ಟು ಚಳಿಗಾಲದಿಂದ ಬೆಂಕಿ ಮುಂದೆ ಕೂತಿದ್ದಾಳೆ, ಒಂದ್ಸಲ ಆದ್ರೂ ಕೆಮ್ಮಬಾರ್ದಾ? ಹೊಗೆಗೆ ಕಣ್ಣು ಉರಿಯಲ್ವಾ? ಊಟ ಏನು ಮಾಡ್ತಾಳೆ? ಅಷ್ಟೊಂದು ಸೌದೆ ಯಾರು ತಂದು ಹಾಕ್ತಾರೆ, ಇವಳ ಮಾವನಾ?”

ಹೆಂಗಸರು ನಕ್ಕರು. ಓದಕ್ಕನೂ ನಕ್ಕಳು.

“ನಗ್ಬೇಡಿ. ರಟ್ಟಲ್ಲಿ ಕತ್ತರಿಸಿ ನಿಲ್ಲಿಸಿದ ಹಾಗಿದ್ದಾರೆ ಇವರೆಲ್ಲ. ಒಳ್ಳೆಯೋನು ಹುಟ್ಟಿದಾಗ್ನಿಂದ ಒಳ್ಳೆಯೋನೇ, ಕೆಟ್ಟೋನು ಸಾಯೋವರೆಗೂ ಕೆಟ್ಟೋನೇ. ಮನುಷ್ಯರು ಹಾಗಿರ್ತಾರಾ?”

ಅವನ ಮಾತಿನಲ್ಲಿ ಸುಳ್ಳೇನಿತ್ತು? ಓದಕ್ಕನಿಗೆ ಅದು ಒಳಗೊಳಗೇ ಚುಚ್ಚುತ್ತಿತ್ತು. ಜೀವ ತುಂಬಿ ಓದುವುದನ್ನು ಕಲಿತವಳು ಅವಳು. ಈ ಬೆಂಕಿ ಕಾಯುವವಳಲ್ಲಿ ಜೀವ ತುಂಬಲು ಒಂದು ಸಂದು ಸಹ ಸಿಗುತ್ತಿರಲಿಲ್ಲ.

ಹೀಗಿರುವಾಗ ದೊಡ್ಡಮ್ಮ ಒಂದು ದಿನ ಮೆಟ್ಟಿಲ ಮೇಲೆ ಕೂತವಳು ಏಳಲಾಗದೆ ಹೋದಳು. ಆಸ್ಪತ್ರೆಯಲ್ಲಿ ನೋಡಿ, ಹೃದಯದ ಕವಾಟ ಕೆಟ್ಟಿದೆ, ಎದೆ ತೆರೆದು ಬೇರೆ ಹಾಕಬೇಕು, ತಡ ಮಾಡಿದರೆ ಉಳಿಯುವುದು ಕಷ್ಟ ಎಂದರು. ಬರುವ ಸೋಮವಾರಕ್ಕೆ ಹಾಸಿಗೆಯೂ ಸಿಕ್ಕಿತು. ದೊಡ್ಡಮ್ಮ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮತ್ತೆ ಬಂದು ತನ್ನ ಜಾಗದಲ್ಲಿ ಕೂತು ಕಾಜಾ ತೆಗೆಯತೊಡಗಿದಳು. ಅವಳ ಮಗಳು, ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿರುವವಳು, ಬಿಡುವು ಮಾಡಿಕೊಂಡು ಓಡಿಬಂದು ಓದಕ್ಕನನ್ನು ಇಸ್ತ್ರಿ ಮೇಜಿನ ಹಿಂದಕ್ಕೆ ಕರೆದಳು.

“ಅಕ್ಕಾ, ನಿಮ್ಮ ಕಾಲು ಹಿಡೀತೀನಿ. ಅಮ್ಮನಿಗೆ ಭಯ. ಬಾಯ್ಬಿಟ್ಟು ಹೇಳಲ್ಲ, ಆದ್ರೆ ಮಲಗಿದ್ದಲ್ಲೇ ನಡುಗ್ತಾಳೆ. ನಮ್ಮ ಮಾತು ಕಿವಿಗೇ ಹಾಕ್ಕೊಳಲ್ಲ. ನೀವು ಹೇಳಿದ್ರೆ ಕೇಳ್ತಾಳೆ. ಹೇಗಾದ್ರೂ ಮಾಡಿ ಸೋಮವಾರ ಒಪ್ಸಿ.”

ಓದಕ್ಕ ತಲೆ ಕೆಡಿಸಿಕೊಂಡಳು. ನೇರವಾಗಿ ಬುದ್ಧಿ ಹೇಳಿದರೆ ದೊಡ್ಡಮ್ಮ ಕೇಳುವ ಪೈಕಿ ಅಲ್ಲ. ಆಗ ಹೊಳೆಯಿತು: ದೊಡ್ಡಮ್ಮನಿಗೆ ಬೆಂಕಿ ಕಾಯುವವಳೆಂದರೆ ಪ್ರಾಣ. ಅವಳೂ ನಮ್ಮ ಹಾಗೆ ಹೆದರಿದಳು, ಹೆದರಿಯೂ ನಿಂತಳು ಎಂದು ಕೇಳಿದರೆ, ಹೆದರುವುದೇನೂ ನಾಚಿಕೆಯಲ್ಲ ಎಂದು ಇವಳಿಗೂ ಸಮಾಧಾನವಾಗಬಹುದು. ಎಷ್ಟು ಒಳ್ಳೆಯ ಯೋಚನೆ ಎಂದು ತನಗೆ ತಾನೇ ಬೀಗಿದಳು. ಒಳ್ಳೆಯ ಮನಸ್ಸಿನಿಂದ ಮಾಡುವ ಎಡವಟ್ಟಿನಷ್ಟು ದೊಡ್ಡ ಎಡವಟ್ಟು ಇನ್ನೊಂದಿಲ್ಲ, ಅದು ಅವಳಿಗೆ ಆಗ ಎಲ್ಲಿ ತಿಳಿಯಬೇಕು.

ಗುರುವಾರದ ಓದು ನಾಲ್ಕನೆಯ ಸಂಪುಟದ ಕೊನೆಯ ಹತ್ತಿರ ಬಂದಿತ್ತು. ಪುಸ್ತಕದಲ್ಲಿ ಇದ್ದದ್ದು ಇಷ್ಟೇ: ‘ಆ ರಾತ್ರಿ ಅವಳು ಕುಳಿತಿದ್ದಳು. ಬೆಂಕಿ ಉರಿಯುತ್ತಿತ್ತು.’ ಓದಕ್ಕ ಪುಟದ ಮೇಲೆ ಕಣ್ಣಿಟ್ಟೇ ಅದಕ್ಕೆ ಬಾಲಂಗೋಚಿ ಕಟ್ಟಿದಳು. ಬೆಂಕಿ ಕಾಯುವವಳಿಗೆ ಹೊಗೆ ಹೋಗಿ ಕೆಮ್ಮು ಬಂತು. ಓದಕ್ಕ ತಾಯಿಯ ಮುಂದೆ ಕೆಮ್ಮಿದ ಹಾಗೆಯೇ ಕೆಮ್ಮಿ ತೋರಿಸಿದಳು. ಬೆಂಕಿ ಕಾಯುವವಳ ಕಣ್ಣು ಉರಿಯಿತು. ಕೈ ನಡುಗಿತು. ಬಿಟ್ಟುಬಂದ ಮನೆ ನೆನಪಾಯಿತು. ‘ನನಗೇ ಯಾಕೆ ಈ ಕೆಲಸ’ ಎಂದು ಮೊಣಕಾಲಿನ ಮೇಲೆ ಮುಖವಿಟ್ಟು ಅತ್ತಳು, ಓಡಿಹೋಗೋಣವೆಂದು ಎದ್ದಳು, ನಾಲ್ಕು ಹೆಜ್ಜೆ ಇಳಿದಳು, ಮತ್ತೆ ಬಂದು ಕೂತಳು.

ಮಹಡಿಗೆ ಮಹಡಿಯೇ ಕಣ್ಣೊರೆಸಿಕೊಂಡಿತು. ಕಾಲರಿಗೆ ಹೊಲಿಗೆ ಹಾಕುತ್ತಿದ್ದ ಪಟಪಟಿ, ಬಾಯಿ ಮುಚ್ಚದ ಹುಡುಗಿಯೆಂದು ಆ ಹೆಸರು, ಕಾಲರಿಗೇ ಮೂಗು ಒರೆಸಿಕೊಂಡಳು. ಕಟಿಂಗ್ ಮಾಸ್ಟರ್ ಕತ್ತರಿ ಕೆಳಗಿಟ್ಟ. “ಈಗ ನೋಡಿ, ಹೆಂಗಸು ಅಂದ್ರೆ ಇವಳು. ಬರೆದೋನಿಗೆ ಕೊನೆಗೂ ಬುದ್ಧಿ ಬಂತು” ಎಂದ. ಓದಕ್ಕನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸಂಜೆ ಕೋಟು ಮಡಿಸಿಡುವಾಗ ಓದಕ್ಕ ನೋಡಿದರೆ, ಆ ದಿನ ದೊಡ್ಡಮ್ಮ ತೆಗೆದ ಕೊನೆಯ ಕಾಜಾದ ಹೊಲಿಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಅಂಥದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ.

ಶುಕ್ರವಾರ ಊಟದ ಡಬ್ಬಿ ಮುಚ್ಚುತ್ತ ದೊಡ್ಡಮ್ಮ ಹೇಳಿದಳು, “ಸೋಮವಾರ ನಾನು ಹೋಗಲ್ಲ. ಮಗಳಿಗೆ ಹೇಳ್ಬಿಟ್ಟೆ. ಇದ್ದಷ್ಟು ದಿನ ಇರ್ತೀನಿ.”

ಓದಕ್ಕ ತನ್ನ ಡಬ್ಬಿಯನ್ನು ಬದಿಗೆ ತಳ್ಳಿದಳು. “ಯಾಕೆ ದೊಡ್ಡಮ್ಮಾ?”

“ಅವಳೇ ಓಡಿಹೋಗೋಣ ಅಂತ ಎದ್ಲಲ್ಲೇ. ಅವಳೇ ಹಾಗಂದ್ಮೇಲೆ ನಾನ್ಯಾವ ಲೆಕ್ಕ?” ದೊಡ್ಡಮ್ಮ ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಕೂರಿಸಿದಳು. “ಹೆದರೋರಿಗೆ ನಮ್ಮನೇಲಿ ಬರ ಇಲ್ಲ ಕಣೇ. ನಾನಿದ್ದೀನಿ, ಮಗಳಿದ್ದಾಳೆ, ಅಳಿಯ ಅಂತೂ ಸೂಜಿ ಕಂಡ್ರೆ ಓಡ್ತಾನೆ. ಹೆದರ್ದೇ ಇರೋಳು ಅಂತ ಇದ್ದಿದ್ದು ಅವಳೊಬ್ಳೇ. ರಾತ್ರಿ ಎದೆ ಹೊಡ್ಕೊಂಡಾಗ ಅವಳನ್ನೇ ನೆನೆಸ್ಕೊಂಡು ಮಲಗ್ತಿದ್ದೆ. ಈಗ ಅವಳೂ ಕೆಮ್ಕೊಂಡು ಅಳ್ತಾ ಕೂತಿದ್ದಾಳೆ.”

ಓದಕ್ಕ ಅವಳ ಎದುರಿಗೆ ಬಂದು ಕೂತಳು. “ದೊಡ್ಡಮ್ಮಾ, ಅದು ಪುಸ್ತಕದಲ್ಲಿಲ್ಲ. ನಾನೇ ಸೇರ್ಸಿದ್ದು, ನಿನಗೆ ಸಮಾಧಾನ ಆಗ್ಲಿ ಅಂತ...”

“ಸಮಾಧಾನಕ್ಕೆ ಹೇಳ್ತಿರೋದು ಈಗ. ಸಾಕು ಬಿಡು.”

ಪಟಪಟಿಯ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಕಟಿಂಗ್ ಮಾಸ್ಟರ್ ಬಂದು ಕನ್ನಡಕ ಏರಿಸಿ ಆ ಪುಟವನ್ನು ಹುಡುಕಿ ಓದಿದ, ಮುಖ ಹುಳ್ಳಗೆ ಮಾಡಿಕೊಂಡ. “ಹೌದು ದೊಡ್ಡಮ್ಮ. ಇದರಲ್ಲಿ ಕೆಮ್ಮೂ ಇಲ್ಲ, ಕಣ್ಣೀರೂ ಇಲ್ಲ. ಸುಮ್ನೆ ಕೂತಿದ್ದಾಳೆ.”

“ನೀವಿಬ್ರೂ ಸೇರ್ಕೊಂಡಿದ್ದೀರಿ.” ದೊಡ್ಡಮ್ಮ ತನ್ನ ಜಾಗಕ್ಕೆ ಹೋಗಿ ಕೂತು, ರೇಷ್ಮೆ ದಾರವನ್ನು ಮೇಣದ ತುಂಡಿನ ಮೇಲೆ ಎಳೆದಳು. “ಇನ್ನೊಂದೇ ಅಧ್ಯಾಯ ತಾನೇ ಇರೋದು? ಓದು. ಕೊನೆಗೆ ಅವಳು ಏನಾಗ್ತಾಳೆ ನೋಡೇಬಿಡೋಣ. ಕೇಳ್ಕೊಂಡು ನನ್ನ ಮಾತು ಹೇಳ್ತೀನಿ.”

ಓದಕ್ಕ ಕುರ್ಚಿಯಲ್ಲಿ ಕೂತು ಪುಸ್ತಕ ತೆರೆದಳು. ಬೇಡಬೇಡವೆಂದರೂ ಕಣ್ಣು ಪುಟದ ಕೆಳಗೆ ಜಾರಿತು, ಒಂದು ಮಾತಿನ ಮೇಲೆ ಬಿದ್ದು ಅಲ್ಲೇ ನಿಂತಿತು. ‘ಬಿದ್ದಳು’ ಎಂದಿತ್ತು.

ಅಯ್ಯೋ ದೇವರೇ. ಬೆಂಕಿ ಕಾಯುವವಳು ಸಾಯುತ್ತಾಳೆ. ಇದನ್ನು ಓದಿದರೆ ಸೋಮವಾರ ಮುಗಿದ ಹಾಗೆ; ದೊಡ್ಡಮ್ಮ ಮುಗಿದ ಹಾಗೆ. ಬದುಕಿಸುವುದು ಎಷ್ಟರ ಕೆಲಸ? ‘ಸೂರ್ಯ ಹುಟ್ಟಿದನು, ಅವಳು ನಗುತ್ತ ಎದ್ದಳು’ ಎಂದರಾಯಿತು. ಕಟಿಂಗ್ ಮಾಸ್ಟರ್ ತನ್ನ ಮೇಜಿಗೆ ಹೋಗಿದ್ದ. ಯಾರು ಬಂದು ನೋಡುತ್ತಾರೆ? ನಾಲಿಗೆಯ ತುದಿಗೆ ಆ ಮಾತು ಬಂದೇಬಿಟ್ಟಿತ್ತು. ಎದುರಿಗೆ ದೊಡ್ಡಮ್ಮ ಸೂಜಿ ಹಿಡಿದು ಕಾಯುತ್ತಿದ್ದಳು. ಆ ಮುಖ ನೋಡಿದ ಓದಕ್ಕನಿಗೆ ಎರಡನೆಯ ಸಲ ಕೈ ಸುಟ್ಟುಕೊಳ್ಳುವ ಧೈರ್ಯ ಬರಲಿಲ್ಲ. ದನಿ ನಡುಗಿಸಲಿಲ್ಲ, ಏರಿಸಲಿಲ್ಲ, ಇಳಿಸಲಿಲ್ಲ. ಬದುಕಿನಲ್ಲಿ ಮೊದಲ ಬಾರಿಗೆ, ಪುಟದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿದಳು.

‘ಕತ್ತಲೆಯ ಒಡೆಯನು ಬೆಟ್ಟವನ್ನು ಏರಿ ಬಂದನು. ಹಿಂದೆ ತಿರುಗಿ ನೋಡದವಳು, ಬೆಟ್ಟದ ತುದಿಯ ಬೆಂಕಿ ಕಾಯುವವಳು, ಎದ್ದು ನಿಂತಳು. ಸೌದೆ ಮುಗಿಯಿತು. ಅವಳು ತನ್ನ ಊರುಗೋಲನ್ನು ಬೆಂಕಿಗೆ ಕೊಟ್ಟಳು. ಊರುಗೋಲು ಮುಗಿಯಿತು. ಅವಳು ತನ್ನ ಕಂಬಳಿಯನ್ನು ಬೆಂಕಿಗೆ ಕೊಟ್ಟಳು. ಕಂಬಳಿ ಮುಗಿಯಿತು. ಆಗ ಗಾಳಿ ಬಂದಿತು. ಅವಳು ಗಾಳಿಗೂ ಬೆಂಕಿಗೂ ನಡುವೆ ನಿಂತಳು. ಗಾಳಿ ಕೇಳಿತು: ನೀನು ಯಾರು? ಅವಳು ಹೇಳಿದಳು: ಬೆಂಕಿ ಕಾಯುವವಳು. ಗಾಳಿ ಮತ್ತೆ ಕೇಳಿತು: ನೀನು ಯಾರು? ಅವಳು ಹೇಳಿದಳು: ಬೆಂಕಿ ಕಾಯುವವಳು. ಬೆಳಗಾಗುವಾಗ ಅವಳು ಬಿದ್ದಳು. ಬೆಂಕಿ ಆರಲಿಲ್ಲ.’

ಒಂದು ಸೂಜಿಯೂ ಆಡಲಿಲ್ಲ. ಓದಿದ್ದು ತಾನು ಹೌದೋ ಅಲ್ಲವೋ ಓದಕ್ಕನಿಗೆ ತಿಳಿಯಲಿಲ್ಲ. ತನ್ನ ಗಂಟಲಿನ ಮೂಲಕ ಇನ್ನಾರೋ ನಡೆದುಹೋದ ಹಾಗಿತ್ತು. ಇಷ್ಟು ದಿನ ಬೆಂಕಿ ಕಾಯುವವಳನ್ನು ಸಪ್ಪೆ ಎಂದುಕೊಂಡಿದ್ದಳಲ್ಲ, ಮುಖವಿಲ್ಲ, ಮನೆಯಿಲ್ಲ, ಕೆಮ್ಮಿಲ್ಲ ಎಂದು! ಅವಳಿಗೆ ಮುಖವೊಂದನ್ನು ಅಂಟಿಸಿದ್ದರೆ ಅವಳು ಯಾರೋ ಒಬ್ಬ ಹೆಂಗಸಾಗಿಬಿಡುತ್ತಿದ್ದಳು. ಏನೂ ಇಲ್ಲದ್ದರಿಂದಲೇ ಅವಳಲ್ಲಿ ಜಾಗವಿತ್ತು, ಪಟಪಟಿಗೆ, ಚಪ್ಪಲಿ ಅಂಗಡಿಯ ಮಗಳಿಗೆ, ಕಣ್ಣು ಮಂಜಾದ ತಾಯಿಗೆ, ಎಲ್ಲರಿಗೂ ಜಾಗ. ಅಷ್ಟು ಎತ್ತರದ ಹೆಂಗಸು ಆ ಮಹಡಿಯ ಸೂರಿನ ಕೆಳಗೆ ಅದು ಹೇಗೆ ನಿಂತಳೋ, ಓದಕ್ಕನಿಗೆ ಇಂದಿಗೂ ಅದೇ ಆಶ್ಚರ್ಯ.

ಮೊದಲು ಮಾತಾಡಿದವನು ಕಟಿಂಗ್ ಮಾಸ್ಟರ್. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿ ಒರೆಸಿ ಹೇಳಿದ, “ಸೌದೆ ಯಾರು ತಂದು ಹಾಕ್ತಾರೆ ಅಂತ ಕೇಳಿದ್ನಲ್ಲ ನಾನು. ಛೆ.”

“ಸತ್ತೇ ಹೋದ್ಲಾ?” ಎಂದಳು ಪಟಪಟಿ, ಅಳುವ ದನಿಯಲ್ಲಿ.

ಓದಕ್ಕ ಪುಸ್ತಕದಿಂದ ತಲೆ ಎತ್ತಲಿಲ್ಲ. ದೊಡ್ಡಮ್ಮನ ಮುಖ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಕತ್ತರಿಯಲ್ಲಿ ದಾರ ಕತ್ತರಿಸಿದ ಸದ್ದು ಕೇಳಿಸಿತು.

“ಇವಳೇ” ಎಂದಳು ದೊಡ್ಡಮ್ಮ. “ಇವಳು ನನಗೆ ಗೊತ್ತಿರೋಳು. ನಿನ್ನೆ ಬಂದಿದ್ದೋಳು ಬೇರೆ ಯಾರೋ. ನೀನೇ ಇರ್ಬೇಕು ಕಣೇ, ಕೆಮ್ಮು ಕೇಳಿದ್ರೆ ಗೊತ್ತಾಗಲ್ವಾ.” ಬೆನ್ನು ನೆಟ್ಟಗಿತ್ತು. ಮುಗಿಸಿದ ಕಾಜಾವನ್ನು ಬೆಳಕಿಗೆ ಹಿಡಿದು ನೋಡಿದಳು. “ಸೋಮವಾರ ಬೆಳಿಗ್ಗೆ ಮಗಳ ಜೊತೆ ನೀನೂ ಬಾ. ಅವಳೊಬ್ಳೇ ಆದ್ರೆ ದಾರಿ ತುಂಬ ಅಳ್ತಾಳೆ.”

ಓದಕ್ಕ ಪುಸ್ತಕಕ್ಕೆ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆ ಮಹಡಿಯಲ್ಲಿ ಅಷ್ಟು ಜೋರಾಗಿ ಅತ್ತವರು ಇನ್ನಿಲ್ಲ; ಗಂಟಲು ಅಂಥದ್ದಲ್ಲವೇ.

ಸೋಮವಾರ ಆಸ್ಪತ್ರೆಯವರು ದೊಡ್ಡಮ್ಮನಿಗೆ ಬೆನ್ನ ಹಿಂದೆ ಲಾಡಿ ಕಟ್ಟುವ ನಿಲುವಂಗಿ ತೊಡಿಸಿ ಗಾಲಿಮಂಚದ ಮೇಲೆ ಮಲಗಿಸಿದರು. ಮಲಗಿದಲ್ಲೇ ಅವಳು ಅಂಗಿಯ ಅಂಚನ್ನು ಎತ್ತಿ ನೋಡಿದಳು.

“ಯಾವ ಪುಣ್ಯಾತ್ಗಿತ್ತಿ ಹೊಲಿದ್ಳೋ ಇದನ್ನ. ಎಡತೋಳು ಉಲ್ಟಾ. ನಿನ್ನ ಕೈಯೇ ಇರ್ಬೇಕು.”

ನರ್ಸ್ ನಕ್ಕಳು, ಮಗಳು ಅಳುತ್ತಲೇ ನಕ್ಕಳು. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲ ಹತ್ತಿರ ಗಾಲಿಮಂಚ ನಿಂತಾಗ ದೊಡ್ಡಮ್ಮ ಓದಕ್ಕನ ಮಣಿಕಟ್ಟನ್ನು ಹಿಡಿದಳು. ಸೂಜಿ ಹಿಡಿದು ಗಟ್ಟಿಯಾದ ಆ ಬೆರಳುಗಳು ಬಿಡಲೇ ಇಲ್ಲ.

“ನನಗೆ ತುಂಬಾ ಭಯ ಆಗ್ತಿದೆ ಕಣೇ.”

ಓದಕ್ಕ ಏನನ್ನೂ ಸೇರಿಸದೆ ಕೈ ಹಿಡಿದು ನಿಂತಳು.

“ಇರ್ಲಿ ಬಿಡು” ಎಂದಳು ದೊಡ್ಡಮ್ಮ. “ಅವಳಿಗೆ ಆಗ್ಲಿಲ್ಲವಲ್ಲ. ಅಷ್ಟು ಸಾಕು ನನಗೆ.”

ಬಾಗಿಲು ಮುಚ್ಚಿತು. ಓದಕ್ಕ ಗೋಡೆಗೊರಗಿಸಿದ್ದ ಬೆಂಚಿನ ಮೇಲೆ ಮಗಳ ಪಕ್ಕದಲ್ಲಿ ಕೂತಳು. ಪುಸ್ತಕ ನೂಲಿನ ಬೀರುವಿನಲ್ಲಿತ್ತು, ಆದರೆ ಈಗ ಅದು ಬೇಕಿರಲಿಲ್ಲ. ಊರುಗೋಲು, ಕಂಬಳಿ, ಗಾಳಿ ಎಂದು ತುಟಿಯಲ್ಲೇ ಹೇಳಿಕೊಂಡಳು, ಮುಗಿದರೆ ಮತ್ತೆ ಮೊದಲಿನಿಂದ. ‘ಅವಳು ಬಿದ್ದಳು’ ಎಂಬಲ್ಲಿಗೆ ಬಂದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದಳು. ಆದರೂ ಆ ಮಾತನ್ನು ಒಂದು ಸಲವೂ ಹಾರಿಸಲಿಲ್ಲ.

ಮರುದಿನ ಒಬ್ಬೊಬ್ಬರಾಗಿ ಒಳಗೆ ಬಿಟ್ಟರು. ಮಗಳು ಹೋಗಿ ಬಂದಳು, ಆಮೇಲೆ ಓದಕ್ಕ ಹೋದಳು. ಬಾಯೊಳಗಿನ ಕೊಳವೆ ತೆಗೆದಿದ್ದರು. ದೊಡ್ಡಮ್ಮ ಆ ಹಾಸಿಗೆಯ ಮೇಲೆ ತೀರ ಚಿಕ್ಕದಾಗಿ ಕಂಡಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಕಣ್ಣು ತೆರೆದು, ಯಾರೆಂದು ಗುರುತು ಹಿಡಿದು, ತುಟಿ ಅಲುಗಾಡಿಸಿದಳು. ಓದಕ್ಕ ಬಗ್ಗಿ ಕಿವಿಯಿಟ್ಟಳು.

“ಬೆಂಕಿ?”

“ಆರಿಲ್ಲ, ದೊಡ್ಡಮ್ಮ.”